ಮೊದಲು ನಕ್ಕವನು

ಶನಿವಾರದ ಸನ್ಮಾನಕ್ಕೆ ಇನ್ನೂ ಒಂಬತ್ತು ದಿನ ಇರುವಾಗ ಮಿಲ್ಟನ್ ಗ್ರೇಗೆ ಒಬ್ಬ ಹುಡುಗಿಯ ಫೋನ್ ಬಂತು. ಟೆಲಿವಿಷನ್ನಿನವರ ಸಂಘದವಳು, ಹೆಸರು ಜೋಲೀನ್. ಮಾತು ಮುಗಿಯುವ ಮೊದಲೇ ನಗುವ ಜಾತಿ.

"ಮಿಲ್ಟನ್, ಅವತ್ತು ನಿಮ್ಮ ಧಾರಾವಾಹಿಯಿಂದ ಒಂದು ದೃಶ್ಯ ತೋರಿಸ್ತೀವಿ. ಯಾವುದು ಅಂತ ನಾನು ಕೇಳೋದೂ ಬೇಡ, ನೀವು ಹೇಳೋದೂ ಬೇಡ. ಪಾರಿವಾಳದ್ದು!"

"ಬೇರೆ ಏನಾದ್ರೂ ಹಾಕಮ್ಮ. ಇನ್ನೂರ ಎಂಬತ್ತು ಕಂತು ಬರ್ದಿದೀನಿ. ವಾಷಿಂಗ್ ಮೆಷೀನಿಂದು ಇದೆ. ಅತ್ತೆ ಬಂದು ವಾಪಸ್ ಹೋಗದೇ ಇರೋದು ಇದೆ."

"ಅಯ್ಯೋ, ಪಾರಿವಾಳ ಇಲ್ದಿದ್ರೆ ಜನ ನಮ್ಮನ್ನ ಸುಮ್ನೆ ಬಿಡ್ತಾರಾ? ಅದು ಮುಗಿದ ಮೇಲೆ ನೀವು ಎದ್ದು ನಿಮ್ಮ ಭಾವನ ಕತೆ ಹೇಳ್ಬೇಕು. ಮೊದಲು ನಕ್ಕೋರೇ ಅವರು ಅನ್ನೋದು. ನಿಮ್ಮ ಅಕ್ಕನ್ನ ಮುಂದಿನ ಸಾಲಲ್ಲೇ ಕೂರಿಸ್ತೀವಿ. ಎಷ್ಟು ಚೆನ್ನಾಗಿರತ್ತೆ ಅಲ್ವಾ!"

"ಆಗಲಿ" ಎಂದು ಅವನು ಫೋನಿಟ್ಟ.

ಮಿಲ್ಟನ್ ಗ್ರೇ ಎಂಬುದು ಪರದೆಗಾಗಿ ಇಟ್ಟುಕೊಂಡ ಹೆಸರು. ನ್ಯೂಯಾರ್ಕಿನ ಬ್ರಾಂಕ್ಸಿನ ಯಹೂದಿ ಮನೆಯಲ್ಲಿ ಅವನು ಮೆಂಡಲ್ ಗ್ರುಷ್ಕಿನ್. ಅಕ್ಕ ಫ್ರೀಡಾಗೆ ಅರವತ್ತೆಂಟರ ಈ ಮುದುಕ ಇವತ್ತಿಗೂ ಮೆಂಡಲ್ಲೇ. ನ್ಯೂಯಾರ್ಕಿನ ಹತ್ತಿರದ ಬೆಟ್ಟದ ಬೇಸಿಗೆ ಹೋಟೆಲುಗಳ ಹಾಸ್ಯಗಾರರಿಗೆ ನಗೆಹನಿ ಬರೆದುಕೊಡುತ್ತ ಶುರುಮಾಡಿದವನು, ರೇಡಿಯೋ ದಾಟಿ, ಲಾಸ್ ಏಂಜಲೀಸಿಗೆ ಬಂದು, ಕೊನೆಗೆ 'ನಾಲ್ಕನೇ ಮಹಡಿ' ಎಂಬ ಹಾಸ್ಯ ಧಾರಾವಾಹಿ ಕಟ್ಟಿದ. ಒಂಬತ್ತು ವರ್ಷ ಮಂಗಳವಾರ ಸಂಜೆ ಅಮೆರಿಕದ ಅರ್ಧ ಜನ ಅದರ ಮುಂದೆ ಕೂತು ಊಟ ಮಾಡಿದರು. ಅದರ ಗಂಡ ಹೆಂಡತಿ ವಾಲ್ಟರ್ ಮತ್ತು ಡಾಟಿ. ಹೆಸರು ಮಾತ್ರ ಚರ್ಚಿಗೆ ಹೋಗುವವರದು, ಜಗಳವೆಲ್ಲ ಫ್ರೀಡಾಳ ಅಡುಗೆಮನೆಯದು.

ಅದೇನೂ ಗುಟ್ಟಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೆಂಡಲ್ ಬ್ರಾಂಕ್ಸಿಗೆ ಫೋನ್ ಮಾಡುತ್ತಿದ್ದ. ಫ್ರೀಡಾ ಬಾಯಿ ತೆರೆದರೆ ಕಟ್ಟಡದ ಇಪ್ಪತ್ತನಾಲ್ಕು ಮನೆಗಳ ಸುದ್ದಿಯೂ ಹೊರಗೆ. ಮಾಂಸದಂಗಡಿಯವನ ತಕ್ಕಡಿ, ಮೇಲಿನ ಮನೆಯ ಪಿಟೀಲು, ಗಂಡ ಇರ್ವಿಂಗ್ ಹೊಸ ಟೋಪಿಯ ಮೇಲೆ ಕೂತದ್ದು. ಮೆಂಡಲ್ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ಸಿಲ್ಲು ಹಿಡಿದು ಕೂರುವನು. ಫ್ರೀಡಾಗೂ ಗೊತ್ತಿತ್ತು. "ಬರ್ಕೊಂಡ್ಯಾ? ನಿಧಾನಕ್ಕೆ ಹೇಳ್ಲಾ?" ಎಂದು ಅವಳೇ ಕೇಳುತ್ತಿದ್ದಳು. ಟೋಪಿಯ ಮೇಲೆ ಕೂತ ಕಂತು ಬಂದಾಗ ಇರ್ವಿಂಗ್ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದ. ಅವನು ಗುಂಡಿ ಮಾರುವ ಕಂಪನಿಯೊಂದರ ಏಜೆಂಟು. ಒಳ್ಳೆಯ ಮನುಷ್ಯ, ಮಾತು ಕಡಿಮೆ.

ಸಾವಿರದ ಒಂಬೈನೂರ ಅರವತ್ತು, ಡಿಸೆಂಬರ್ ತಿಂಗಳು. ಧಾರಾವಾಹಿ ಶುರುವಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಜನ ನೋಡುತ್ತಿಲ್ಲ, ಹನ್ನೊಂದನೇ ಕಂತಿನ ಚಿತ್ರೀಕರಣಕ್ಕೆ ನಾವೇ ಬಂದು ಕೂರುತ್ತೇವೆ, ಹಿಡಿಸದಿದ್ದರೆ ಅಲ್ಲಿಗೆ ಮುಗಿಯಿತು ಎಂದು ವಾಹಿನಿಯ ದೊಡ್ಡವರು ಹೇಳಿ ಕಳಿಸಿದ್ದರು. ಮೆಂಡಲ್‌ನ ಕೋಣೆಯಲ್ಲಿ ನಾಲ್ಕು ಜನ ಬರಹಗಾರರು ನಾಲ್ಕು ದಿನ ಕೂತು ಸಿಗರೇಟು ಸುಟ್ಟರು. ಕತೆ ಹುಟ್ಟಲಿಲ್ಲ.

ಆ ಭಾನುವಾರ ಫ್ರೀಡಾಳ ದನಿ ಕೆಳಗಿತ್ತು.

"ಅವರು ಪೇಪರ್ ತರೋಕೆ ಇಳಿದು ಹೋಗಿದಾರೆ, ಬೇಗ ಹೇಳ್ಬಿಡ್ತೀನಿ. ಇರ್ವಿಂಗ್ ಕೆಲ್ಸ ಹೋಗಿದೆ ಕಣೋ. ಯಾವಾಗ ಹೋಯ್ತೋ ಗೊತ್ತಿಲ್ಲ, ನಂಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಸೂಟ್ ಹಾಕ್ಕೊಂಡು, ಬ್ಯಾಗ್ ಹಿಡ್ಕೊಂಡು ಹೊರಡ್ತಾರೆ. ಅಕ್ಟೋಬರಲ್ಲಿ ಒಂದಿನ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತಿದ್ದೆ, ನೋಡಿದ್ರೆ ಪಾರ್ಕಿನ ಬೆಂಚಲ್ಲಿ ಕೂತಿದಾರೆ. ಚಳೀಲಿ. ಪಾರಿವಾಳಗಳು ಬಿಟ್ರೆ ಯಾರೂ ಇಲ್ಲ. ನಾನು ಕಾಣದ ಹಾಗೆ ತಿರುಗಿ ಬಂದ್ಬಿಟ್ಟೆ. ಮೆಂಡಲ್, ಇದನ್ನ ಯಾರಿಗೂ ಹೇಳ್ಬೇಡ. ನಂಗೆ ಗೊತ್ತು ಅಂತ ಅವರಿಗೆ ಗೊತ್ತಾದ್ರೆ ಅವರು ಉಳಿಯಲ್ಲ."

"ಇಲ್ಲಕ್ಕ" ಎಂದ ಮೆಂಡಲ್. ಹಾಗೆನ್ನುವಾಗ ಅವನ ಪೆನ್ಸಿಲ್ಲು 'ಪಾರಿವಾಳ' ಎಂದು ಬರೆದಾಗಿತ್ತು.

ತಪ್ಪು ಅನ್ನಿಸಲಿಲ್ಲವೇ? ಅನ್ನಿಸಿತು. ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಪೂರ್ತಿ ಅರ್ಧ ಗಂಟೆ ಅನ್ನಿಸಿತು. ಆಮೇಲೆ ಸ್ಟುಡಿಯೋ ಬಂತು. ಮೇಜಿನ ಸುತ್ತ ನಾಲ್ಕು ಖಾಲಿ ಮುಖಗಳು ಇವನನ್ನೇ ನೋಡಿದವು, ಇವನು ಬಾಯಿ ಬಿಟ್ಟ. ವಾಲ್ಟರ್‌ಗೆ ಕೆಲಸ ಹೋಗಿದೆ, ಹೆಂಡತಿಗೆ ಹೇಳಿಲ್ಲ, ದಿನಾ ಪಾರ್ಕಿನ ಬೆಂಚನ್ನೇ ಆಫೀಸು ಮಾಡಿಕೊಂಡು ಪಾರಿವಾಳಕ್ಕೆ ಪತ್ರ ಬರೆಸುತ್ತಾನೆ. "ಮಿಸ್ ಹೆಂಡರ್ಸನ್, ಬರ್ಕೊಳ್ಳಿ!" ಪಾರಿವಾಳ ಹಾರಿಹೋಗುತ್ತದೆ. "ಈ ವಾರ ಇದು ಮೂರನೇ ಸೆಕ್ರೆಟರಿ ಕೆಲಸ ಬಿಟ್ಟು ಹೋಗ್ತಿರೋದು." ಮೇಜು ಗುದ್ದಿ ಗುದ್ದಿ ನಕ್ಕರು. ಗುಂಡಿಯ ವ್ಯಾಪಾರ ತೆಗೆದು ವಿಮೆ ಎಂದು ಮಾಡಿದ, ಕಂದು ಕೋಟು ತೆಗೆದು ಬೂದು ಕೋಟು ಹಾಕಿದ. ಬರೆಯುವವರಿಗೆ ಇದೊಂದು ಹುಚ್ಚು ನಂಬಿಕೆ. ಕೋಟಿನ ಬಣ್ಣ ಬದಲಾದರೆ ಒಳಗಿರುವವನಿಗೆ ತಾನು ಯಾರೆಂದು ಮರೆತುಹೋಗುತ್ತದೆ ಅಂತ.

ಇನ್ನೊಂದು ಎಡವಟ್ಟು ಆಗಲೇ ಆಗಿತ್ತು. ಹನುಕ್ಕಾ ಹಬ್ಬಕ್ಕೆಂದು ಅಕ್ಕ ಭಾವನಿಗೆ ಮೆಂಡಲ್ ಸೆಪ್ಟೆಂಬರಿನಲ್ಲೇ ವಿಮಾನದ ಟಿಕೆಟು ಕಳಿಸಿದ್ದ. ಅದು ಅದೇ ವಾರ. ಇರ್ವಿಂಗ್ ಬಂದಿಳಿದು, "ಆಫೀಸಲ್ಲಿ ರಜೆ ಕೇಳಿದ ತಕ್ಷಣ ಕೊಟ್ರು" ಎಂದ. ಫ್ರೀಡಾ ಚೀಲದಲ್ಲಿ ಏನೋ ಹುಡುಕುತ್ತಿದ್ದಳು.

ಆ ಸ್ಟುಡಿಯೋಗಳಲ್ಲಿ ಒಂದು ಪದ್ಧತಿ. ಬರಹಗಾರನ ಮನೆಯವರು ಮೊದಲ ಸಲ ಬಂದರೆ ಅವರಿಗೆ ಮುಂದಿನ ಸಾಲು, ಜನರ ನಗು ಹಿಡಿಯಲು ತೂಗುಹಾಕಿದ ಮೈಕಿನ ನೇರ ಕೆಳಗೆ. ಚಿತ್ರೀಕರಣಕ್ಕೆ ಮುಂಚೆ ಜನರನ್ನು ನಗಿಸಿ ಬೆಚ್ಚಗೆ ಮಾಡುವವನು ಅವರನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಬೇಕು. ಅವತ್ತು ಆ ಕೆಲಸ ಮಾಡಿದವನು ಮೆಂಡಲ್ಲೇ. "ನಮ್ಮ ವಾಲ್ಟರ್ ಮೂಲತಃ ಯಾರು ಅಂತ ನೋಡ್ಬೇಕಾ? ಇಲ್ಲಿದಾರೆ, ನನ್ನ ಭಾವ ಇರ್ವಿಂಗ್!" ಇನ್ನೂರು ಜನ ಚಪ್ಪಾಳೆ ತಟ್ಟಿದರು. ಇರ್ವಿಂಗ್ ನಾಚಿಕೊಂಡು ಟೋಪಿ ಎತ್ತಿದ. ಈಗ ಬರುವುದು ಯಾವ ಕಂತು ಎಂದು ಗೊತ್ತಿದ್ದೂ ಮೆಂಡಲ್‌ನ ನಾಲಿಗೆ ಅದನ್ನು ಹೇಳಿತು. ವೇದಿಕೆ ಹತ್ತಿದರೆ ಅವನ ನಾಲಿಗೆಗೆ ಯಜಮಾನ ಇರಲಿಲ್ಲ.

ಬೆಂಚಿನ ದೃಶ್ಯ ಬಂತು. ವಾಲ್ಟರ್ ಬ್ಯಾಗು ತೆರೆದ. ಒಳಗೆ ಕಾಗದವಿಲ್ಲ, ಕಟ್ಟಿಕೊಟ್ಟ ಊಟ ಮಾತ್ರ. "ಮಿಸ್ ಹೆಂಡರ್ಸನ್, ಬರ್ಕೊಳ್ಳಿ." ಪಾರಿವಾಳ ಹಾರಬೇಕಿತ್ತು, ಹಾರಲಿಲ್ಲ. ತಲೆ ಓರೆ ಮಾಡಿ ಅವನನ್ನೇ ನೋಡುತ್ತ ಕೂತಿತು. ಇನ್ನೂರು ಜನರಲ್ಲಿ ಒಬ್ಬರೂ ನಗಲಿಲ್ಲ. ಅಷ್ಟು ಜನರಿಗೂ ಒಮ್ಮೆಗೇ ಅನ್ನಿಸಿತು, ಇದು ಕೆಲಸ ಕಳೆದುಕೊಂಡ ಒಬ್ಬ ಮನುಷ್ಯ ಅಂತ. ಕ್ಯಾಮೆರಾ ಪಕ್ಕ ನಿಂತಿದ್ದ ಮೆಂಡಲ್‌ಗೆ ಹಿಂದಿನ ಸಾಲಿನಲ್ಲಿ ವಾಹಿನಿಯ ದೊಡ್ಡವರಲ್ಲಿ ಒಬ್ಬ ಗಡಿಯಾರ ನೋಡಿಕೊಂಡದ್ದು ಕಂಡಿತು. ಆಗ ಮುಂದಿನ ಸಾಲಿನಿಂದ ಒಂದು ನಗು ಬಂತು. ಜೋರು, ಗಂಟಲು ತುಂಬ, ಹಾ ಹಾ ಹಾ ಎಂದು. ಇರ್ವಿಂಗ್. ಅವನ ಹಿಂದೆ ಇಡೀ ಸಭೆ ಕಟ್ಟೆ ಒಡೆದು ನಕ್ಕಿತು. ಸದ್ದಿಗೆ ಪಾರಿವಾಳ ಪಟಪಟನೆ ಎದ್ದು ಹಾರಿತು, ವಾಲ್ಟರ್ ಸೆಕ್ರೆಟರಿಯ ಮಾತು ಹೇಳಿದ, ಜನ ಕುರ್ಚಿಯಿಂದ ಜಾರುವುದೊಂದು ಬಾಕಿ.

ಧಾರಾವಾಹಿ ಉಳಿಯಿತು. ಅಷ್ಟೇ ಅಲ್ಲ, ಧ್ವನಿಯ ಕೆಲಸದ ವೆರ್ನ್ ಎಂಬವನಿಗೆ ಆ ನಗು ಎಷ್ಟು ಹಿಡಿಸಿತೆಂದರೆ, ಅದನ್ನು ಕತ್ತರಿಸಿ ತನ್ನ ನಗುವಿನ ಪೆಟ್ಟಿಗೆಗೆ ಹಾಕಿಕೊಂಡ. ಜನ ಸಾಕಷ್ಟು ನಗದ ಕಡೆ ಒಂದು ಗುಂಡಿ ಒತ್ತಿದರೆ ಸಾಕು, ಇರ್ವಿಂಗ್ ನಗುತ್ತಿದ್ದ. ಒಂಬತ್ತು ವರ್ಷ ನಕ್ಕ.

ಮೆಂಡಲ್‌ಗೆ ಅದೇ ಜಾಮೀನು. ಭಾವನೇ ಮೊದಲು ನಕ್ಕನಲ್ಲ, ಅವನಿಗೆ ನೋವಾಗಿದ್ದರೆ ನಗುತ್ತಿದ್ದನೇ? ಈ ಕತೆಯನ್ನು ಅವನು ಊಟಕ್ಕೆ ಕರೆದ ಕಡೆಯೆಲ್ಲ ಹೇಳಿದ, ಪತ್ರಿಕೆಯವರಿಗೆ ಹೇಳಿದ, ಎರಡು ಮದುವೆಗಳಲ್ಲಿ ಹೇಳಿದ, ಅವೆರಡೂ ಅವನವೇ. ಯಾರೂ ಕೇಳದಿದ್ದರೂ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ಏಕೆಂದರೆ ಆ ಡಿಸೆಂಬರಿನ ನಂತರವೂ ಭಾನುವಾರ ಹತ್ತಕ್ಕೆ ಫ್ರೀಡಾ ಫೋನ್ ಎತ್ತುತ್ತಿದ್ದಳು, ಮಾತಾಡುತ್ತಿದ್ದಳು. ಮಳೆ ಬಂತು, ಚಳಿ ಇದೆ, ಸೂಪು ಮಾಡಿದೆ, ನೀನು ಊಟ ಮಾಡಿದ್ಯಾ. ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಬರೆದುಕೊಳ್ಳುವಂಥ ಒಂದು ಮಾತನ್ನೂ ಅವಳು ಅವನಿಗೆ ಕೊಡಲಿಲ್ಲ.

ಇರ್ವಿಂಗ್ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡ. ಆಮೇಲೆ ಮೆಂಡಲ್ ಅಕ್ಕನನ್ನು ಒತ್ತಾಯ ಮಾಡಿ ಲಾಸ್ ಏಂಜಲೀಸಿಗೆ ಕರೆಸಿ, ಫೇರ್‌ಫ್ಯಾಕ್ಸ್ ಬೀದಿಯ ಹತ್ತಿರ ಮನೆ ಮಾಡಿಕೊಟ್ಟ. ಈಗ ಶನಿವಾರ ಅವಳನ್ನು ಮತ್ತೆ ಅದೇ ಮುಂದಿನ ಸಾಲಿನಲ್ಲಿ ಕೂರಿಸಿ, ಅದೇ ಪಾರಿವಾಳ ತೋರಿಸುತ್ತಾರೆ. ಅವಳನ್ನು ಕೇಳದೆ ಇದಾಗಬಾರದು ಎಂದು ಅವನಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಅವಳು "ಇರ್ಲಿ ಬಿಡೋ" ಎಂದು ಒಂದು ಮಾತು ಹೇಳಿಬಿಡಲಿ ಎಂಬ ಆಸೆ. ಸನ್ಮಾನಕ್ಕೆ ಎರಡು ದಿನ ಇದೆ ಎನ್ನುವ ಗುರುವಾರ ಮಧ್ಯಾಹ್ನ, ಹೊಗೆಯಾಡಿಸಿದ ಮೀನು, ರೈ ಬ್ರೆಡ್ಡು ಕಟ್ಟಿಸಿಕೊಂಡು ಹೋದ.

"ಬಾಗಿಲು ತೆಗೆದೇ ಇದೆ, ಬಾ. ಏನು ತಂದೆ, ಮೀನಾ? ಆ ಮೂಲೆ ಅಂಗಡೀದಾ? ಅವನು ನಿನ್ನೆಯದನ್ನ ಇವತ್ತಿಂದು ಅಂತ ಮಾರ್ತಾನೆ. ಇಡು. ಕೂತ್ಕೊ. ಮಾತಾಡ್ಬೇಡ, ನಾಲ್ಕು ಗಂಟೆ ಆಯ್ತು."

ಎಪ್ಪತ್ಮೂರರ ಫ್ರೀಡಾ ಟೆಲಿವಿಷನ್ನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮರುಪ್ರಸಾರದ 'ನಾಲ್ಕನೇ ಮಹಡಿ' ಶುರುವಾಗುತ್ತಿತ್ತು. ಅವಳು ಇದನ್ನು ನೋಡುತ್ತಾಳೆಂದೇ ಮೆಂಡಲ್‌ಗೆ ಗೊತ್ತಿರಲಿಲ್ಲ.

"ದಿನಾ ನೋಡ್ತೀಯೇನಕ್ಕ?"

"ಶ್! ಈಗ ಬರ್ತಾರೆ."

"ಯಾರು?"

ಅವಳು ಬೆರಳೆತ್ತಿದಳು. ಪರದೆಯಲ್ಲಿ ವಾಷಿಂಗ್ ಮೆಷೀನು ಅಡುಗೆಮನೆ ದಾಟಿ ನಡೆದು ಹೋಗುತ್ತಿತ್ತು. ಜನರ ನಗುವಿನ ಮೇಲೆ, ಗಂಟಲು ತುಂಬ, ಹಾ ಹಾ ಹಾ. ಫ್ರೀಡಾ ಬೆರಳು ಇಳಿಸಿದಳು.

"ಇರ್ವಿಂಗ್" ಎಂದಳು. "ಇವತ್ತು ಬೇಗ ಬಂದ್ರು. ಮಂಗಳವಾರ ಐದು ಸಲ ಬಂದಿದ್ರು."

ಮೆಂಡಲ್ ಪರದೆಯಿಂದ ಅವಳ ಕಡೆ ತಿರುಗಿದ. ಆ ಪೆಟ್ಟಿಗೆಯ ವಿಷಯ ಗೊತ್ತಿದ್ದವರು ಇಬ್ಬರೇ, ಅದರಲ್ಲಿ ವೆರ್ನ್ ಮಣ್ಣು ಸೇರಿ ಹತ್ತು ವರ್ಷವಾಗಿತ್ತು.

"ನಿಂಗೆ ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಬೇಕೇನೋ? ಕಟ್ಕೊಂಡ ಗಂಡನ ದನಿ."

ಅವನ ಮನಸ್ಸು ಒಂದು ಕ್ಷಣ ಹಗುರಾಯಿತು. ನೋಡು, ಅವಳಿಗೆ ಇದರಿಂದ ಸಮಾಧಾನವೇ ಆಗಿದೆ ಎಂದುಕೊಂಡ. ಆ ಹುಮ್ಮಸ್ಸಿನಲ್ಲೇ ಬಾಯಿ ತೆರೆದ. "ಶನಿವಾರ ಪಾರಿವಾಳದ ದೃಶ್ಯ ಹಾಕ್ತಾರಂತೆ ಅಕ್ಕ. ನಿಂಗೆ ಬೇಜಾರಿಲ್ಲ ತಾನೆ? ಭಾವ ಅವತ್ತು ಎಷ್ಟು ಖುಷಿಯಾಗಿ ನಕ್ಕಿದ್ರು. ಇನ್ನೂರು ಜನ ಸುಮ್ನೆ ಕೂತಿದ್ರೆ ಮೊದಲು ಅವರೇ..."

ಫ್ರೀಡಾ ಎದ್ದು ಹೋಗಿ ಟೆಲಿವಿಷನ್ನಿನ ದನಿ ಪೂರ್ತಿ ಕಡಿಮೆ ಮಾಡಿದಳು.

"ಮೆಂಡಲ್, ನಿನ್ನ ಭಾವ ನಗೋದನ್ನ ನೀನು ಯಾವತ್ತಾದ್ರೂ ನೋಡಿದ್ಯಾ?"

"ನೋಡಿಲ್ವಾ ಮತ್ತೆ?"

"ಇಲ್ಲ. ನೀನು ನಗಿಸ್ತಿದ್ದೆ, ನೋಡ್ತಿರ್ಲಿಲ್ಲ. ಇರ್ವಿಂಗ್ ನಕ್ರೆ ಸದ್ದೇ ಬರ್ತಿರ್ಲಿಲ್ಲ. ಭುಜ ಕುಣಿಯೋದು, ಕಣ್ಣಲ್ಲಿ ನೀರು ಬರೋದು, ಮೂಗು ಹಿಡ್ಕೊಳೋರು. ಟೋಪಿ ಮೇಲೆ ಕೂತಿದ್ದು ಟೀವೀಲಿ ಬಂದಾಗ ಹಾಗೆ ನಕ್ಕಿದ್ರು, ಸೋಫಾ ಎಲ್ಲ ಅಲ್ಲಾಡ್ತು. ಈ ಹಾ ಹಾ ಹಾ ಇದೆಯಲ್ಲ, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇದನ್ನ ನಾನು ಒಂದೇ ಒಂದು ಸಲ ಕೇಳಿದ್ದು."

ಮೆಂಡಲ್ ಮೀನಿನ ಪೊಟ್ಟಣದ ದಾರ ಬಿಚ್ಚತೊಡಗಿದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

"ಹೋಟೆಲ್ ರೂಮಿಗೆ ಬಂದು ಶೂ ಬಿಚ್ತಾ ಕೂತ್ರು. 'ಯಾವಾಗಿಂದ ಗೊತ್ತು?' ಅಂದ್ರು. ಅಕ್ಟೋಬರಿಂದ ಅಂದೆ. ಇನ್ನೊಂದು ಶೂ ಬಿಚ್ಚಿದ್ರು. ಆಮೇಲೆ, 'ಅಕ್ಟೋಬರಿಂದ ಬ್ಯಾಗಲ್ಲಿ ಎರಡು ಸ್ಯಾಂಡ್‌ವಿಚ್ ಇಡ್ತಿದೀಯ, ಯಾಕೆ ಅಂತ ಈಗ ಗೊತ್ತಾಯ್ತು' ಅಂದ್ರು. ಚಳೀಲಿ ಕೂತಿರ್ತಾರಲ್ಲ, ಹಸಿವಾಗತ್ತೆ ಅಂತ ನಾನು ಒಂದು ಜಾಸ್ತಿ ಇಡ್ತಿದ್ದೆ. ಅಷ್ಟೇ ಕಣೋ. ನಾವಿಬ್ರೂ ಅದನ್ನ ಅಷ್ಟರಲ್ಲೇ ಮುಚ್ಚಿ ದಾಟಿಸ್ಬಿಡ್ತಿದ್ವಿ. ಅವರು ಕೆಲ್ಸ ಹುಡುಕ್ಕೋತಿದ್ರು. ನಾನು ಏನೂ ಗೊತ್ತಿಲ್ದೋಳ ಥರ ಇರ್ತಿದ್ದೆ."

"ಹಾಗಾದ್ರೆ ಅವರು ಯಾಕೆ ನಕ್ರು?" ಅವನ ದನಿ ಹುಡುಗರ ದನಿಯಾಗಿತ್ತು.

"ನಾನೂ ಕೇಳ್ದೆ. ಕೋಪದಲ್ಲೇ ಕೇಳ್ದೆ. 'ಮೆಂಡಲ್ ಮುಖ ನೋಡಿದ್ಯಾ ನೀನು?' ಅಂದ್ರು. 'ಕ್ಯಾಮೆರಾ ಪಕ್ಕ ಸುಣ್ಣದ ಹಾಗೆ ಬೆಳ್ಳಗೆ ನಿಂತಿದ್ದ. ಕೆಲ್ಸ ಹೋಗೋದು ಅಂದ್ರೇನು ಅಂತ ನಂಗೆ ಗೊತ್ತು. ಯಾರಾದ್ರೂ ನಗ್ಬೇಕಿತ್ತಲ್ಲ, ಫ್ರೀಡಾ' ಅಂದ್ರು."

ಮೆಂಡಲ್ ಟೆಲಿವಿಷನ್ನಿನ ಕಡೆ ನೋಡಿದ. ಪರದೆಯಲ್ಲಿ ಡಾಟಿ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದಳು. ಒಂಬತ್ತು ವರ್ಷದ ಧಾರಾವಾಹಿ, ಬೆಟ್ಟದ ಮೇಲಿನ ಮನೆ, ಶನಿವಾರದ ಸನ್ಮಾನ, ಎಲ್ಲವೂ ಆ ಒಬ್ಬ ಮನುಷ್ಯ ಅವಮಾನವನ್ನು ನುಂಗಿಕೊಂಡು ಹೊರಡಿಸಿದ ಸದ್ದಿನ ಮೇಲೆ ನಿಂತಿವೆ. ತಾನು ಅದನ್ನೇ ಇಪ್ಪತ್ತಾರು ವರ್ಷ ಊರೂರು ತಿರುಗಿ, ನೋಡಿ ನನ್ನದೇನೂ ತಪ್ಪಿಲ್ಲ ಎಂದು ತೋರಿಸಿಕೊಂಡು ಬಂದಿದ್ದ. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

"ಮತ್ತೆ ನೀನು ಯಾಕಕ್ಕ ದಿನಾ ಇದನ್ನ ಕೇಳ್ತೀಯ?"

"ಇನ್ನೇನಿದೆ? ಫೋಟೋ ಇದೆ, ದನಿ ಇಲ್ಲ. ನಮ್ಮನೇಲಿ ಟೇಪ್ ರೆಕಾರ್ಡರ್ ಇತ್ತಾ? ಸುಳ್ಳು ನಗುನೋ, ನಿಜದ್ದೋ, ಇರೋದು ಇದೊಂದೇ." ಅವಳು ಕನ್ನಡಕ ಒರೆಸಿಕೊಂಡಳು. "ಶನಿವಾರ ಏನು ಬೇಕಾದ್ರೂ ತೋರಿಸ್ಲಿ. ಆ ಕತೆ ಮಾತ್ರ ಹಾಗೆ ಹೇಳ್ಬೇಡ. ಹೇಳಿದ್ರೆ ಸರಿಯಾಗಿ ಹೇಳು, ಇಲ್ದಿದ್ರೆ ಬಾಯಿ ಮುಚ್ಕೊಂಡಿರು."

"ಸರಿಯಾಗೇ ಹೇಳ್ತೀನಿ" ಎಂದ. "ಇರ್ಲಿ ಬಿಡೋ" ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅವನಿಗೂ ಕೇಳುವ ಮುಖವಿರಲಿಲ್ಲ.

ಶನಿವಾರ ಸಂಜೆ ಹೋಟೆಲಿನ ದೊಡ್ಡ ಹಾಲಿನಲ್ಲಿ ಆರುನೂರು ಜನ. ಎಲ್ಲರೂ ನಗುವಿನ ಕಸುಬಿನವರು, ಬರೆಯುವವರು, ಆಡುವವರು, ನಗು ಎಷ್ಟು ಸೆಕೆಂಡು ಬಂತೆಂದು ಅಳೆಯುವವರು. ಮುಂದಿನ ಸಾಲಿನ ಮೇಜಿನಲ್ಲಿ ಫ್ರೀಡಾ ಮಡಿಲಿನ ಮೇಲೆ ತನ್ನ ಕರಿಯ ಕೈಚೀಲ ಇಟ್ಟುಕೊಂಡು ಕೂತಿದ್ದಳು. ತಟ್ಟೆಯಲ್ಲಿದ್ದ ಕೋಳಿಯನ್ನು ಫೋರ್ಕಿನಿಂದ ಒಮ್ಮೆ ಮಗುಚಿ ನೋಡಿ ಪಕ್ಕಕ್ಕೆ ಸರಿಸಿದ್ದಳು.

ದೀಪ ಆರಿತು. ಬೆಂಚು, ಬ್ಯಾಗು, ಪಾರಿವಾಳ. ಆ ಮೌನ ಬಂತು. ಆಮೇಲೆ ಇರ್ವಿಂಗ್ ನಕ್ಕ. ಅಷ್ಟು ದೊಡ್ಡ ಹಾಲಿನಲ್ಲಿ, ಅಷ್ಟು ದೊಡ್ಡ ಸ್ಪೀಕರುಗಳಲ್ಲಿ ಅದನ್ನು ಕೇಳುವಾಗ ಮೆಂಡಲ್‌ಗೆ ಮೊದಲ ಸಲ ಗೊತ್ತಾಯಿತು, ಆ ನಗುವಿನ ಕೊನೆಯ ತುಣುಕಿನಲ್ಲಿ ಉಸಿರು ಒಂದಿಷ್ಟು ತುಂಡಾಗುತ್ತದೆ. ಸಾವಿರ ಸಲ ಕೇಳಿದ್ದ ಕಿವಿ ಅದನ್ನು ಕೇಳಿರಲಿಲ್ಲ.

ದೀಪ ಹತ್ತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. "ಭಾವನ ಕತೆ!" ಎಂದು ಯಾರೋ ಹಿಂದಿನಿಂದ ಕೂಗಿದರು. ಜೋಲೀನ್ ಅವನ ಕೈಗೆ ಪದಕ ಇಟ್ಟು, ಮೈಕು ಸರಿಮಾಡಿ ಕೊಟ್ಟಳು. ಮೆಂಡಲ್ ಕಾಗದ ತಂದಿರಲಿಲ್ಲ.

"ಮೊದಲು ನಕ್ಕಿದ್ದು ನನ್ನ ಭಾವ ಇರ್ವಿಂಗ್ ಕಪ್ಲೋ" ಎಂದ. ಆರುನೂರು ಮುಖಗಳು ಮುಗುಳ್ನಗುತ್ತ ಸಿದ್ಧವಾದವು. "ಇಷ್ಟು ವರ್ಷ ನಾನು ನಿಮಗೆಲ್ಲ ಸುಳ್ಳು ಹೇಳಿದೀನಿ. ಅವರಿಗೆ ನಗು ಬಂದಿರ್ಲಿಲ್ಲ. ಬೆಂಚಲ್ಲಿ ಕೂತಿದ್ದೋರು ಅವರೇ. ನಾನು ಅದನ್ನ ಅವರ ಹೆಂಡ್ತಿಯಿಂದ ಕದ್ದೆ."

ಒಂದು ಕ್ಷಣ ಹಾಲು ಸುಮ್ಮನಿತ್ತು. ಆಮೇಲೆ ನಡುವಿನ ಮೇಜಿನಲ್ಲಿ ಯಾರೋ ಒಬ್ಬ ನಕ್ಕ. ಮುಖ ಗಂಟಿಕ್ಕಿಕೊಂಡು ಹಾಸ್ಯ ಮಾಡುವುದರಲ್ಲಿ ಮಿಲ್ಟನ್ ಗ್ರೇನನ್ನು ಮೀರಿಸುವವರಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆ ನಗುವಿನ ಹಿಂದೆ ಒಂದು ಮೇಜು, ನಾಲ್ಕು ಮೇಜು, ಇಡೀ ಹಾಲು. "ಇಲ್ಲ, ನಿಜವಾಗ್ಲೂ" ಎಂದ ಮೆಂಡಲ್. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಅವನ ಮುದಿ ಕಿವಿ ತನ್ನ ಪಾಡಿಗೆ ತಾನು ಅಳೆಯುತ್ತಿತ್ತು. ಆರು ಸೆಕೆಂಡು, ಏಳು, ಎಂಟು. ಅವನ ಇಡೀ ಜೀವಮಾನದಲ್ಲೇ ಅತಿ ಉದ್ದದ ನಗು ಅದು. ಅದನ್ನು ಎಣಿಸುತ್ತಿದ್ದೇನಲ್ಲ ಎಂದು ಅವನಿಗೆ ಅಲ್ಲೇ ಕುಸಿದುಬಿಡಬೇಕು ಅನ್ನಿಸಿತು.

ಆರುನೂರು ಜನರಲ್ಲಿ ಒಬ್ಬಳು ನಗುತ್ತಿರಲಿಲ್ಲ. ಅವನು ಪದಕವನ್ನು ಮೈಕಿನ ಪಕ್ಕದಲ್ಲೇ ಬಿಟ್ಟು, ಮೆಟ್ಟಿಲಿಳಿದು, ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಚಪ್ಪಾಳೆ ಇನ್ನೂ ನಡೆದಿತ್ತು.

"ನಾನು ಸರಿಯಾಗೇ ಹೇಳ್ದೆ ಅಕ್ಕ."

"ಕೇಳಿಸ್ತು."

"ಅವರು ನಕ್ಕುಬಿಟ್ರು."

"ಅದು ಅವರ ಕೆಲ್ಸ. ನೀನೇ ಕಲಿಸಿದ್ದು."

ಅವನು ಕೋಳಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಫ್ರೀಡಾ ಅದನ್ನು ನೋಡಿದಳು. ಕೈಚೀಲದ ಬಾಯಿ ತೆರೆದು, ಮೇಣದ ಕಾಗದದಲ್ಲಿ ಸುತ್ತಿದ ಪೊಟ್ಟಣ ತೆಗೆದು, ಮೇಜಿನ ಬಟ್ಟೆಯ ಕೆಳಗೆ ಯಾರಿಗೂ ಕಾಣದ ಹಾಗೆ ಅವನ ತೊಡೆಯ ಮೇಲಿಟ್ಟಳು.

"ಆ ಕೋಳಿ ತಿನ್ಬೇಡ, ಹಸಿ ಇದೆ. ಇದನ್ನ ತಿನ್ನು" ಎಂದಳು. "ಎರಡು ಸ್ಯಾಂಡ್‌ವಿಚ್ ತಂದಿದೀನಿ."

ಮೆಂಡಲ್ ತಲೆ ತಗ್ಗಿಸಿ ಕಾಗದ ಬಿಚ್ಚಿದ. ಎರಡೂ ಅವನಿಗೇ ಇದ್ದವು.